ಸ್ಕ್ರೂ ಕೆಳಗಿನ ಗಾಳಿ

ಗ್ಯಾಸಣ್ಣನನ್ನು ಮೊದಲ ಸಲ ನೋಡಿದಾಗ ಅವನೊಬ್ಬ ಮಾಟಗಾರನೆಂದೇ ತಿಳಿದಿದ್ದೆ. ಪೂರ್ತಿ ನನ್ನ ತಪ್ಪೇನಲ್ಲ. ಫ್ರಿಜ್ ಕೆಟ್ಟಿದೆಯೆಂದು ರಿಪೇರಿ ಅಂಗಡಿ ಹುಡುಕಿಕೊಂಡು ಹೋದರೆ, ಒಳಗೆ ಒಬ್ಬ ಮನುಷ್ಯ ಬಿಂದಿಗೆ ಗಾತ್ರದ ಸ್ಟೀಲ್ ಪಾತ್ರೆಯನ್ನು ಮೇಜಿನ ಮೇಲಿಟ್ಟು, ರಬ್ಬರ್ ಕೊಳವೆಯ ಒಂದು ತುದಿ ಕಿವಿಗೂ ಇನ್ನೊಂದು ತುದಿ ಪಾತ್ರೆಯ ಬೆಸುಗೆಗೂ ಹಿಡಿದು, ಕಣ್ಣು ಮುಚ್ಚಿ, "ಉಸಿರಾಡ್ತಾ ಇದೆ, ಎಲ್ಲೋ ಉಸಿರಾಡ್ತಾ ಇದೆ" ಎಂದು ಗೊಣಗುತ್ತಿದ್ದ. ಬಂದ ದಾರಿಗೆ ಸುಂಕವಿಲ್ಲವೆಂದು ನಾನು ಹಿಂದೆ ತಿರುಗುವಷ್ಟರಲ್ಲಿ, ಮೂಲೆಯ ಸ್ಟೂಲಿನಲ್ಲಿ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಹೆಂಗಸು ತಲೆಯೆತ್ತದೆ ಹೇಳಿದರು:

"ಬನ್ನಿ, ಹೆದರಬೇಡಿ. ನನ್ನ ತಮ್ಮನಿಗೆ ದೆವ್ವ ಹಿಡಿದಿಲ್ಲ. ಸೋರಿಕೆ ಹಿಡಿದಿದೆ."

ಅವರು ಅಕ್ಕ. ಅವನಿಗಷ್ಟೇ ಅಲ್ಲ, ಆಮೇಲೆ ನಮಗೆಲ್ಲರಿಗೂ. ಅವನಿಗೆ ಎಂಟು ವರ್ಷವಾಗಿದ್ದಾಗ ಮನೆಗೆ ದೊಡ್ಡವರೆಂದು ಉಳಿದದ್ದು ಹದಿನೇಳರ ಈ ಅಕ್ಕ ಒಬ್ಬರೇ. ಮೋಟಾರ್ ವೈಂಡಿಂಗ್ ಕಲಿತರು, ತಮ್ಮನನ್ನು ಸಾಕಿದರು, ಕೈಗೆ ಸ್ಪ್ಯಾನರ್ ಕೊಟ್ಟರು. ಮದುವೆಯ ಮಾತು ಬಂದಾಗೆಲ್ಲ "ಈ ಮೋಟಾರ್ ಒಂದು ಮುಗಿಸ್ತೀನಿ" ಎನ್ನುತ್ತಿದ್ದರಂತೆ. ಮೋಟಾರುಗಳು ಮುಗಿಯಲಿಲ್ಲ. ಫ್ರಿಜ್ಜುಗಳಿಗೆ ಗ್ಯಾಸ್ ತುಂಬುವ ತಮ್ಮ ಊರಿನ ಬಾಯಲ್ಲಿ ಗ್ಯಾಸಣ್ಣನಾದ. ಮಾತಿನ ಗ್ಯಾಸ್ ಬಿಡುತ್ತಿದ್ದವರು ಮಾತ್ರ ನಾವು ಉಳಿದ ಮೂವರು.

ನಾವು ಅಂದರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಆ ಅಂಗಡಿಯಲ್ಲಿ ಸೇರುತ್ತಿದ್ದ ಮಂಡಳಿ. ನಿವೃತ್ತ ವಿಜ್ಞಾನ ಮೇಷ್ಟ್ರು ಅಧ್ಯಕ್ಷರು. ಕಟ್ಟುಹಲ್ಲಿನ ಸೆಟ್ ಮಾಡುವ ಹಲ್ಲಪ್ಪ ಉಪಾಧ್ಯಕ್ಷ. ಫ್ರಿಜ್ ರಿಪೇರಿಯಾದ ಮೇಲೂ ಹೋಗುವುದನ್ನು ಬಿಡದ ನಾನು ಕಾರ್ಯದರ್ಶಿ, ನಡಾವಳಿ ಬರೆಯುವವನು. ಗ್ಯಾಸಣ್ಣನಿಗೆ ಹುದ್ದೆ ಇರಲಿಲ್ಲ, ಕೆಲಸವಿತ್ತು. ಸೂರ್ಯನ ಹೊಟ್ಟೆಯಲ್ಲಿ ಪರಮಾಣುಗಳು ಒಂದಕ್ಕೊಂದು ಬೆಸೆದುಕೊಂಡು ಶಕ್ತಿ ಹುಟ್ಟುತ್ತದಲ್ಲ, ಅದನ್ನು ಆ ಪಾತ್ರೆಯೊಳಗೆ ನಡೆಸುವುದು ನಮ್ಮ ಉದ್ದೇಶ. ಅದಕ್ಕಿಂತ ಕಡಿಮೆ ಯಾವುದಕ್ಕೂ ಮೇಷ್ಟ್ರು ಒಪ್ಪುತ್ತಿರಲಿಲ್ಲ.

ರಿಯಾಕ್ಟರ್ ಎಂಬುದು ಸಿಂಬೆಯ ಹಾಗೆ ಇರಬೇಕೋ, ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿರಬೇಕೋ ಎಂದು ಮೇಷ್ಟ್ರೂ ಹಲ್ಲಪ್ಪನೂ ಮೂರು ಭಾನುವಾರ ಕಾದಾಡಿದರು. ನಡಾವಳಿಯಲ್ಲಿ ಹನ್ನೊಂದು ಪುಟ ಆಯಿತು. ನಾಲ್ಕನೆಯ ಭಾನುವಾರ ಅಕ್ಕ, "ನಮ್ಮ ಹತ್ರ ಇರೋದು ದುಂಡು ಪಾತ್ರೆ. ಸೂರ್ಯನ್ನ ಹುಟ್ಟಿಸೋಕೆ ಮುಂಚೆ ಆ ಟ್ಯೂಬ್‌ಲೈಟ್ ಯಾಕೆ ಮಿಣುಕುತ್ತೆ ನೋಡಿ" ಎಂದರು. ರಿಯಾಕ್ಟರ್ ದುಂಡಗೇ ಉಳಿಯಿತು. ಟ್ಯೂಬ್‌ಲೈಟ್ ಮಿಣುಕುತ್ತಲೇ ಉಳಿಯಿತು.

ದುಂಡು ಪಾತ್ರೆಯ ವಿದ್ಯೆ ಹೇಳುವುದಕ್ಕೆ ಸುಲಭ. ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯಬೇಕು. ನಡುವೆ, ಹಲ್ಲಪ್ಪ ಹಲ್ಲಿನ ಸೆಟ್ಟಿನ ತಂತಿಯಲ್ಲಿ ಹೆಣೆದ ನಿಂಬೆಹಣ್ಣಿನಷ್ಟು ದೊಡ್ಡ ಪಂಜರಕ್ಕೆ ಸಾವಿರಾರು ವೋಲ್ಟ್ ಕೊಡಬೇಕು. ಆಗ ಪಂಜರದೊಳಗೆ ನೇರಳೆ ಬೆಳಕು ಮೂಡುತ್ತದೆ. ಸೂರ್ಯ ಇನ್ನೂ ನೂರು ಮೆಟ್ಟಿಲು ಮೇಲಿದ್ದಾನೆ, ಆದರೆ ಮೊದಲ ಮೆಟ್ಟಿಲು ಈ ಬೆಳಕೇ. ಗಾಳಿ ಜಾಸ್ತಿ ಉಳಿದಿದ್ದರೆ ಬರೀ ಕಿಡಿ ಹಾರಿ ಫ್ಯೂಸ್ ಹೋಗುತ್ತದೆ. ನಮ್ಮದು ಫ್ರಿಜ್ ರಿಪೇರಿಯ ಪಂಪೇ. ಎಳೆದ ಗಾಳಿಯನ್ನೆಲ್ಲ ಎಣ್ಣೆ ವಾಸನೆ ಸಮೇತ ಹಿಂದಿನ ಬಾಯಿಯಿಂದ ಬುಸುಬುಸು ಬಿಡುತ್ತಿತ್ತು. ಕಾರ್ಯದರ್ಶಿಯ ಕುರ್ಚಿ ಸರಿಯಾಗಿ ಅದರ ಎದುರಿಗೆ. ಹುದ್ದೆಗೆ ತಕ್ಕ ಜಾಗ.

ಪಂಜರವನ್ನು ಹಿಡಿದು ನಿಲ್ಲಿಸುವ ಪಟ್ಟಿಯನ್ನು ಪಾತ್ರೆಯ ತಳಕ್ಕೆ ನಾಲ್ಕು ಸ್ಕ್ರೂ ಹಾಕಿ ಕೂರಿಸಬೇಕಿತ್ತು. ಪಾತ್ರೆಯ ಬಾಯೊಳಗೆ ಹೋಗುವಷ್ಟು ಸಣ್ಣ ಕೈ ಅಕ್ಕನದೊಂದೇ. ನನ್ನ ಫ್ರಿಜ್ ಮತ್ತೆ ಮುನಿಸಿಕೊಂಡು ಗ್ಯಾಸಣ್ಣ ನಮ್ಮ ಮನೆಗೆ ಬಂದಿದ್ದ ಒಂದು ಮಧ್ಯಾಹ್ನ, ಅವನಿಗೆ ಕಾಯದೆ ಅಕ್ಕನೇ ಸ್ಕ್ರೂ ಬಿಗಿದು, ಮುಚ್ಚಳ ಹಾಕಿ, ಬೋಲ್ಟುಗಳನ್ನೂ ತಿರುಗಿಸಿ ಬಿಗಿಮಾಡಿಬಿಟ್ಟರು. "ಮುಗೀತು. ಇನ್ನು ನೀವುಂಟು, ನಿಮ್ಮ ಸೂರ್ಯ ಉಂಟು" ಎಂದರಂತೆ. ಮರುವಾರ ಜ್ವರ ಬಂತು. ಒಂಬತ್ತನೆಯ ದಿನ ಅಕ್ಕ ಇರಲಿಲ್ಲ.

ಎರಡು ತಿಂಗಳು ಅಂಗಡಿಯ ಬಾಗಿಲು ಅರ್ಧವೇ ತೆರೆದಿತ್ತು. ಆಮೇಲೊಂದು ಭಾನುವಾರ ಗ್ಯಾಸಣ್ಣ ತಾನಾಗಿಯೇ ಪಂಪು ಹಾಕಿದ. ಮೂಲೆಯಲ್ಲಿ ಅರ್ಧ ಸುತ್ತಿದ ಮೋಟಾರು ಹಾಗೇ ಇತ್ತು, ತಂತಿಯ ತುದಿ ಗಾಳಿಗೆ ಅಲ್ಲಾಡುತ್ತಿತ್ತು. ಮರೆತು ಆ ಸ್ಟೂಲಿನ ಮೇಲೆ ಕೂರಲು ಹೋದ ಹಲ್ಲಪ್ಪನಿಗೆ ಅವನು "ಅದು ಬೇಡ" ಎಂದಷ್ಟೇ ಹೇಳಿದ. ಅವತ್ತಿನಿಂದ ನಾವು ಮೂವರೂ ಆ ಮೂಲೆಯನ್ನು, ಅಲ್ಲಿ ಯಾರೋ ಕೂತಿರುವಂತೆ, ಸುತ್ತಿಕೊಂಡು ಹೋಗುತ್ತಿದ್ದೆವು.

ಅವನ ಕೆಲಸದ ರೀತಿಯೂ ಬದಲಾಗಿತ್ತು. ಪಂಪು ಒಂದೇ ಗಂಟೆ ಓಡುತ್ತಿತ್ತು. ಆಮೇಲೆ ವಾಲ್ವ್ ಮುಚ್ಚಿ, ಒಳಗಿನ ಗಾಳಿ ಅಳೆಯುವ ಗೇಜಿನ ಮುಳ್ಳನ್ನೇ ನೋಡುತ್ತ ನಿಲ್ಲುವನು. ಮುಳ್ಳು ಚೂರು ಏರುತ್ತಿತ್ತು, ನಿಲ್ಲುತ್ತಿತ್ತು. ಎಷ್ಟು ಏರಿತೋ ಅಷ್ಟುದ್ದದ ಗೆರೆಯೊಂದನ್ನು ಸೀಮೆಸುಣ್ಣದಿಂದ ಗೋಡೆಗೆ ಎಳೆಯುವನು. ಆಮೇಲೆ ಕೊಳವೆಯನ್ನು ಕಿವಿಗಿಟ್ಟು, ತಳದ ಹತ್ತಿರ ಹಿಡಿದು, ಕಣ್ಣು ಮುಚ್ಚುವನು. ಈ ಸಲ ಗೊಣಗಾಟ ಇರಲಿಲ್ಲ. ಸೋರಿಕೆಗೆ ಮೇಷ್ಟ್ರ ಬಳಿ ಏಳು ಸಿದ್ಧಾಂತಗಳಿದ್ದವು, ಏಳನ್ನೂ ಬರೆದುಕೊಂಡೆ. ಪಂಪನ್ನು ಇನ್ನೂ ಹೊತ್ತು ಓಡಿಸೋಣವೆಂದರೆ "ಬಿಸಿಯಾಗುತ್ತೆ" ಎಂದು ಆರಿಸಿಬಿಡುತ್ತಿದ್ದ. ಬೇಸಿಗೆಯಲ್ಲಿ ಅದೇ ಪಂಪು ಇಡೀ ದಿನ ಓಡಿದ್ದನ್ನು ನಾವೇ ನೋಡಿದ್ದೆವು.

ಅಷ್ಟರಲ್ಲಿ ಮೇಷ್ಟ್ರ ಕಣ್ಣಿನ ನರ ಒಣಗುತ್ತಿರುವ ಸುದ್ದಿ ಬಂತು. ಈಗಲೇ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತದೆ, ವರ್ಷ ಮುಗಿಯುವಷ್ಟರಲ್ಲಿ ಅದೂ ಇಲ್ಲ ಎಂದಿದ್ದರಂತೆ ಡಾಕ್ಟರು. ಆ ಭಾನುವಾರ ಅವರು ಯಾವ ಸಿದ್ಧಾಂತವನ್ನೂ ಮಂಡಿಸಲಿಲ್ಲ.

"ನನಗೆ ಆ ಬೆಳಕನ್ನ ಒಂದು ಸಲ ನೋಡ್ಬೇಕಪ್ಪ" ಎಂದರು. "ಒಂದು ದಿನ ಪೂರ್ತಿ ಪಂಪು ಓಡ್ಲಿ."

ಗ್ಯಾಸಣ್ಣ ಬಹಳ ಹೊತ್ತು ಕೈ ಒರೆಸಿಕೊಂಡ. ಕೈ ಆಗಲೇ ಶುಭ್ರವಾಗಿತ್ತು.

"ಹೊರಗಿನ ಗಾಳಿ ಒಳಗೆ ಬರ್ತಾ ಇದ್ರೆ ಮುಳ್ಳು ಏರ್ತಾನೇ ಇರ್ಬೇಕು ಮೇಷ್ಟ್ರೇ. ಇದು ಏರಿ ನಿಲ್ಲುತ್ತೆ. ಅದೂ ವಾರ ವಾರ ಕಮ್ಮಿ. ಪಾತ್ರೆ ಸೋರ್ತಾ ಇಲ್ಲ. ಗಾಳಿ ಒಳಗೇ ಇದೆ."

ಮಿಕ್ಕಿದ್ದನ್ನು ತುಂಡು ತುಂಡಾಗಿ ಹೇಳಿದ. ಸ್ಕ್ರೂ ಕೂರುವ ಕುಳಿಗಳಿಗೆ ಆಚೆ ತೂತಿಲ್ಲ. ಸ್ಕ್ರೂ ಬಿಗಿದರೆ ಅದರ ತಳದಲ್ಲಿ ಒಂದು ಗುಟುಕು ಗಾಳಿ ಸಿಕ್ಕಿಕೊಳ್ಳುತ್ತದೆ, ಸ್ಕ್ರೂವಿನ ಸುತ್ತುಗೆರೆಗಳ ಸಂದಿಯಿಂದ ತಿಂಗಳುಗಟ್ಟಲೆ ಒಸರುತ್ತದೆ. ಅದಕ್ಕೇ ಇಂಥ ಸ್ಕ್ರೂಗಳ ನಡುಮಧ್ಯೆ ಕೂದಲೆಳೆಯಷ್ಟು ತೂತು ಕೊರೆಯಬೇಕು. ಅವನಿಗೆ ಗೊತ್ತಿತ್ತು. ಅಕ್ಕನಿಗೆ ಹೇಳಿರಲಿಲ್ಲ, ತಾನೇ ಇರುತ್ತೇನಲ್ಲ ಎಂದುಕೊಂಡಿದ್ದ. ಅಕ್ಕನಿಗೋ ಒಂದು ಅಭ್ಯಾಸ: ಮೋಟಾರಾಗಲಿ, ಗಡಿಯಾರವಾಗಲಿ, ಯಾವ ಕುಳಿಗೆ ಸ್ಕ್ರೂ ಹಾಕುವ ಮೊದಲೂ ಧೂಳು ಹೋಗಲೆಂದು ಬಾಯಿಂದ ಒಮ್ಮೆ ಊದುವುದು. ಪಾತ್ರೆಯ ತಳಕ್ಕೆ ಬಾಯಿ ಎಟುಕದಿದ್ದರೆ ಇದೇ ಕೊಳವೆಯಿಂದ.

"ನಾಲ್ಕು ಸಲ ಊದಿರ್ತಾಳೆ" ಎಂದ. "ಒಂದನ್ನೂ ಬಿಡೋಳಲ್ಲ."

ಹಲ್ಲಪ್ಪ ಬೆರಳುಗಳನ್ನು ನೋಡಿಕೊಂಡ. ನಾನು ಗೋಡೆ ನೋಡಿದೆ. ಹತ್ತೊಂಬತ್ತು ಗೆರೆಗಳು, ಒಂದಕ್ಕಿಂತ ಒಂದು ಗಿಡ್ಡ. ಕೊನೆಯದು ಕತ್ತರಿಸಿದ ಉಗುರಿನಷ್ಟು. ಪ್ರತಿ ಭಾನುವಾರ ಒಂದೇ ಗಂಟೆಯಂತೆ ಅವನು ಅಕ್ಕನ ಉಸಿರನ್ನು ಚೂರುಚೂರೇ ಎಳೆದು ಉಳಿಸಿಕೊಂಡಿದ್ದ. ಮೇಷ್ಟ್ರು ಎದ್ದು ಅವನ ಹೆಗಲು ಹುಡುಕಿ ತಟ್ಟಿ, "ಬೇಡ ಬಿಡಪ್ಪ" ಎಂದು ಹೊರಟುಹೋದರು. ಅವತ್ತಿನ ನಡಾವಳಿಯಲ್ಲಿ ತಾರೀಖು ಮಾತ್ರ ಇದೆ.

ಮುಂದಿನ ಭಾನುವಾರ ನಾವು ಹೋಗುವಷ್ಟರಲ್ಲಿ ಪಂಪು ಓಡುತ್ತಿತ್ತು. ಬೆಳಕು ಹರಿಯುವ ಮೊದಲೇ ಹಾಕಿದ್ದನಂತೆ. ಪಾತ್ರೆಯ ಕೆಳಗೊಂದು ದೊಡ್ಡ ಬಲ್ಬು ಉರಿಯುತ್ತಿತ್ತು, ಕಾಯಿಸಿದರೆ ಸಂದಿಯ ಗಾಳಿ ಬೇಗ ಬಿಡುತ್ತದೆ. ಗ್ಯಾಸಣ್ಣ ಅಕ್ಕನ ಸ್ಟೂಲಿನ ಮೇಲೆ ಕೂತಿದ್ದ. ಅರ್ಧ ಬಿಟ್ಟಿದ್ದ ಮೋಟಾರು ಮುಗಿದಿತ್ತು. ನಾನು ನನ್ನ ಜಾಗದಲ್ಲಿ ಕೂತೆ. ಪಂಪು ನನ್ನ ಮುಖಕ್ಕೆ ಬುಸುಬುಸು ಬಿಡುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅವನು ವಾಲ್ವ್ ಮುಚ್ಚಿದ. ಮುಳ್ಳು ಏರಲಿಲ್ಲ. ಕೊಳವೆಯನ್ನು ಕಿವಿಗಿಟ್ಟು ಕೇಳಿದ, ಮಡಚಿ ಡ್ರಾಯರಿಗೆ ಹಾಕಿದ. ಸೀಮೆಸುಣ್ಣ ಮುಟ್ಟಲಿಲ್ಲ.

ಸ್ವಿಚ್ಚು ಒತ್ತಿದಾಗ ಪಾತ್ರೆಯ ದಪ್ಪ ಗಾಜಿನ ಕಿಂಡಿಯೊಳಗೆ ನೇರಳೆ ಬೆಳಕು ಮೂಡಿತು. ನಡುಗದೆ, ಸದ್ದಿಲ್ಲದೆ. ಮೇಷ್ಟ್ರು ಹತ್ತಿರ ಹೋಗಿ ಒಂದೊಂದೇ ಕಣ್ಣಿಂದ ನೋಡಿದರು. ಪೂರ್ತಿ ಖಾಲಿಯಾಗಿದ್ದರೆ ಕತ್ತಲೆಯೇ ಇರುತ್ತಿತ್ತು, ಅಳಿದುಳಿದ ಚೂರು ಗಾಳಿಯೇ ಹೀಗೆ ಹೊಳೆಯುವುದು ಎಂದು ಪಾಠದ ದನಿಯಲ್ಲಿ ಶುರುಮಾಡಿದವರು ಅರ್ಧಕ್ಕೇ ನಿಲ್ಲಿಸಿದರು. ಗ್ಯಾಸಣ್ಣ ಬಗ್ಗಿ ನೋಡಿದ. ತಳದಲ್ಲಿ ನಾಲ್ಕು ಸ್ಕ್ರೂಗಳ ತಲೆಗಳು ಮಿನುಗುತ್ತಿದ್ದವು.

ಆಗ ಸುಮ್ಮನಿರಬಾರದಿತ್ತೇ ನಾನು? ಆದರೆ ಕಾರ್ಯದರ್ಶಿಯೆಂದ ಮೇಲೆ ದಾಖಲೆ ಪೂರ್ಣವಾಗಿರಬೇಕು. ಪೆನ್ಸಿಲ್ ಹಿಡಿದು ಕೇಳಿಯೇಬಿಟ್ಟೆ: "ಗ್ಯಾಸಣ್ಣ, ಆ ಗಾಳಿ ಕೊನೆಗೆ ಎಲ್ಲಿಗೆ ಹೋಯ್ತು ಅಂತ ಬರೀಲಿ?"

ಅವನು ಒಮ್ಮೆ ಪಂಪಿನ ಬಾಯಿ ನೋಡಿದ, ಒಮ್ಮೆ ನನ್ನ ಕುರ್ಚಿ ನೋಡಿದ.

"ಬೆಳಿಗ್ಗೆಯಿಂದ ಅದರ ಮುಂದೆ ಕೂತಿರೋರು ನೀವು. ಇನ್ನೆಲ್ಲಿಗೆ ಹೋಗುತ್ತೆ ಸಾರ್? ನಿಮ್ಮ ಮೂಗಿಗೇ ಹೋಯ್ತು."