ಮೋಟರಿಗೆ ಕೊಟ್ಟ ರಿಂಗು

ಬೆಳಗ್ಗೆ ಎದ್ದೊಡನೆ ಕರದರ್ಶನ ಮಾಡಬೇಕೆಂದು ಹಿರಿಯರು ಹೇಳಿದ್ದಾರೆ. ನಾನೂ ತಪ್ಪದೆ ಮಾಡುತ್ತೇನೆ, ಕರದಲ್ಲಿ ಫೋನಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಶ್ರೀರಂಗಪಟ್ಟಣದ ನನ್ನ ಮನೆಯಲ್ಲಿ ಆರು ಗಂಟೆಗೆ ಹಾಸಿಗೆಯಲ್ಲೇ ಮಗ್ಗುಲಾಗಿ, ನಾಗಮಂಗಲದ ಕಡೆ ಇರುವ ನಮ್ಮ ಹಿರಿಯರ ತೆಂಗಿನ ತೋಟದ ಬೋರ್‌ವೆಲ್ ಮೋಟರಿಗೆ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಸಾಕು, ಅದು ಎಚ್ಚೆತ್ತು ನೀರೆತ್ತತೊಡಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯೊಳಗೊಂದು ಸಿಮ್ಮು ಕೂರಿಸಿದ್ದಾರೆ. ಕರೆಂಟು ಬಂದಾಗ ಅದೇ ನನಗೆ ಫೋನ್ ಮಾಡಿ, ಹೆಂಗಸೊಬ್ಬಳ ಮಧುರ ಕಂಠದಲ್ಲಿ ಸುದ್ದಿ ಮುಟ್ಟಿಸುವುದೂ ಉಂಟು. ನಿವೃತ್ತನಾದ ಮೇಲೆ ನನ್ನನ್ನು ನಿಯಮಿತವಾಗಿ ವಿಚಾರಿಸಿಕೊಳ್ಳುವ ಏಕೈಕ ಪರಸ್ತ್ರೀ ಆಕೆ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ.

ಇಷ್ಟೊಂದು ಸಂಪರ್ಕಸಂಪನ್ನನಾದ ನಾನು, ಅರಕೆರೆಗೆ ಮದುವೆಯಾಗಿ ಹೋಗಿರುವ ನನ್ನ ಒಬ್ಬಳೇ ಅಕ್ಕನೊಡನೆ ಒಂದು ವರ್ಷದಿಂದ ಮಾತಾಡಿರಲಿಲ್ಲ. ತಪ್ಪು ನನ್ನದೇ. ಅವಳ ಮೊಮ್ಮಗಳ ನಾಮಕರಣಕ್ಕೆ ತವರಿನ ಕಡೆಯಿಂದ ಹೋಗಬೇಕಾಗಿದ್ದವನು ನಾನೊಬ್ಬನೇ. ಅಂದು ಸೋಮಾರಿತನ ಅಡರಿ, ವಾಟ್ಸಾಪಿನಲ್ಲಿ ಒಂದು ಹೂಗುಚ್ಛವನ್ನೂ ಕೈಮುಗಿದ ಎರಡು ಗುರುತುಗಳನ್ನೂ ರವಾನಿಸಿ, ಕರ್ತವ್ಯ ಮುಗಿಯಿತೆಂದು ಮಧ್ಯಾಹ್ನದ ನಿದ್ದೆ ತೆಗೆದೆ. "ಹೂವೇನೋ ಬಂತು, ವಾಸ್ನೆ ಬರ್ನಿಲ್ಲ" ಎಂದಳಂತೆ ಅಕ್ಕ. ಆ ಮಾತು ಮೂರನೆಯವರ ಬಾಯಿಂದ ನನ್ನ ಕಿವಿಗೆ ಬಿದ್ದಾಗ ನಾಚಿಕೆಯಾಯಿತು. ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಬಿಗುಮಾನ ಮಾಡಿದೆ. ಅವಳೂ ಅದೇ ತಾಯಿಯ ಮಗಳು, ಫೋನ್ ಮಾಡಲಿಲ್ಲ. ಕಾಲ ಕಳೆದಂತೆ, ಮತ್ತೆ ಮಾತಾಡುವುದಾದರೆ ಮೊದಲ ಮಾತು ಏನೆಂದು ಆಡುವುದು ಎಂಬುದೇ ನನಗೆ ಬೆಟ್ಟವಾಗಿಬಿಟ್ಟಿತು.

ಈ ನಡುವೆ ನನ್ನ ಹಳೆಯ ಫೋನು ಬಚ್ಚಲಿನ ಬಕೆಟ್ಟಿನಲ್ಲಿ ಜಲಸಮಾಧಿಯಾಗಿ, ಹೊಸದು ಬಂತು. ಅಂಗಡಿಯವನು ಹೆಸರುಗಳನ್ನೆಲ್ಲ ತುಂಬಿಸಿ, ಮುಖ್ಯವಾದ ಎರಡನ್ನು ಮುಟ್ಟಿದರೆ ಸಾಕು ಹೋಗುವಂತೆ ಪರದೆಯ ಮೇಲೆಯೇ ಇಟ್ಟುಕೊಟ್ಟ. ಹಳೆಯದರಲ್ಲಿ ಮೋಟರು ಎಡಕ್ಕೆ, ಅಕ್ಕ ಬಲಕ್ಕೆ ಇದ್ದರು. ಹೊಸದರಲ್ಲಿ ಜಾಗ ಅದಲುಬದಲಾದದ್ದನ್ನು ಕನ್ನಡಕವಿಲ್ಲದ ನನ್ನ ಕಣ್ಣು ಕಾಣಲಿಲ್ಲ. ಬೆರಳು ಅಭ್ಯಾಸಬಲದಿಂದ ಎಡಕ್ಕೇ ಹೋಗುತ್ತಿತ್ತು. ಮೋಟರು ಚಾಲೂ ಆದದ್ದಕ್ಕೆ ಮೆಸೇಜು ಬರುವುದುಂಟು; ಆದರೆ ಶುಭೋದಯಗಳ ರಾಶಿಯಡಿ ಅದನ್ನು ಹುಡುಕುವ ತಾಳ್ಮೆ ಯಾರಿಗಿದೆ ಹೇಳಿ?

ಒಂಬತ್ತನೆಯ ದಿನ ಪಕ್ಕದ ತೋಟದ ಚಿಕ್ಕಣ್ಣ ಫೋನ್ ಮಾಡಿ, ಹೊಸದಾಗಿ ನೆಟ್ಟ ಸಸಿಗಳು ಬಾಡುತ್ತಿವೆ, ನೀರೇಕೆ ಬಿಟ್ಟಿಲ್ಲ ಎಂದು ಕೇಳಿದ. ನಾನು ಕರೆಂಟಿನವರನ್ನು ಬೈದೆ, ಮೋಟರಿನ ಮಧುರಕಂಠಿಯನ್ನೂ ಬೈದೆ. ನನ್ನ ಕೈಯಿಂದ ಫೋನು ಕಿತ್ತುಕೊಂಡು ನೋಡಿದ ಹೆಂಡತಿ ಶಾಂತವಾಗಿ ಹೇಳಿದಳು: "ಒಂಬತ್ತು ದಿನದಿಂದ ನಿಮ್ಮಕ್ಕನ್ನ ಆನ್ ಮಾಡ್ತಿದ್ದೀರ."

ಮೊದಲು ಮೋಟರಿಗೆ ಸರಿಯಾದ ರಿಂಗು ಕೊಟ್ಟೆ. ಆಮೇಲೆ ಬಸ್ಸು ಹತ್ತಿದೆ. ಕರಿಘಟ್ಟದ ಗುಡ್ಡ ಹಿಂದೆ ಸರಿಯುವವರೆಗೂ ಕ್ಷಮಾಯಾಚನೆಯ ವಾಕ್ಯವೊಂದನ್ನು ತಿದ್ದಿ ತೀಡಿ ಇಟ್ಟುಕೊಂಡೆ. ಅಕ್ಕನ ಮನೆಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಪಕ್ಕದ ಮನೆಯಾಕೆ ಆ ವಾಕ್ಯವನ್ನು ಕೆಡಿಸಿದಳು. "ದಿನಾ ರಿಂಗು ಕೊಡೋ ತಮ್ಮ ಇವ್ರೇಯಾ? ಆರ್ ಗಂಟೆಗೆ ಫೋನು ಬಡ್ಕೊಳೋಗಂಟ ನಿಮ್ಮಕ್ಕ ಹಾಲು ಕರೆಯಕ್ಕೆ ಕೂರಾಕಿಲ್ಲ" ಎಂದಳು. ಅಕ್ಕ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ಊಟಕ್ಕೆ ಕೂತೆ. ಮುದ್ದೆ ಗಂಟಲಲ್ಲಿ ಇಳಿಯಿತು, ನಿಜ ಮಾತ್ರ ಮೇಲಕ್ಕೆ ಬರಲಿಲ್ಲ. ಪಾಪ, ತಮ್ಮ ನೆನೆಸಿಕೊಳ್ಳುತ್ತಾನೆಂದು ನಂಬಿದವಳಿಗೆ, ನಿನ್ನನ್ನು ಐದು ಎಚ್‌ಪಿ ಮೋಟರು ಅಂದುಕೊಂಡಿದ್ದೆ ಎಂದು ಯಾವ ಬಾಯಲ್ಲಿ ಹೇಳುವುದು? ಮೊಮ್ಮಗಳು ಬಂದು ತೊಡೆಯೇರಿ ನನ್ನ ಕನ್ನಡಕ ಕಿತ್ತಳು. ಆ ಮಗುವಿನ ತಲೆಯಿಂದ ಬರುತ್ತಿದ್ದ ಹರಳೆಣ್ಣೆಯ ವಾಸನೆಗೆ ನನಗೆ ಅಳು ಬಂದಂತಾಯಿತು.

ಸಂಜೆ ಬಸ್ ನಿಲ್ದಾಣದವರೆಗೆ ಅಕ್ಕ ಜೊತೆಗೆ ಬಂದಳು. ಅವರೆಕಾಯಿಯ ಚೀಲವನ್ನು ನನ್ನ ಕೈಗಿಡುತ್ತ, "ನಾಳಿಂದ ಮೋಟ್ರಿಗೂ ಒಂದ್ ರಿಂಗು ಕೊಡು ಕಣ್ಲಾ" ಎಂದಳು.

ನನ್ನ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ. ತೋಟಕ್ಕೆ ನೀರು ಬರುತ್ತಿಲ್ಲವೆಂದು ಚಿಕ್ಕಣ್ಣ ನನಗಿಂತ ಮೊದಲು ಅವಳಿಗೇ ಹೇಳಿದ್ದನಂತೆ. ಆರು ಗಂಟೆಯ ರಿಂಗು ಯಾರಿಗೆ ಸೇರಬೇಕಾದದ್ದೆಂದು ಅವಳಿಗೆ ಆಗಲೇ ಹೊಳೆದಿತ್ತು. ಮತ್ತೆ ಹೇಳಬಾರದಿತ್ತೇ ಎಂದು ಕೇಳಿದೆ.

"ಯೋಳಿದ್ರೆ ನೀನು ನಿಲ್ಲಿಸ್ಬುಡ್ತಿದ್ದೆ ಕಣ್ಲಾ" ಎಂದಳು ಅಕ್ಕ, ಬರುತ್ತಿದ್ದ ಬಸ್ಸಿನ ಕಡೆ ನೋಡುತ್ತ.

ಈಗಲೂ ನನ್ನ ಕರದರ್ಶನ ತಪ್ಪಿಲ್ಲ. ಮೊದಲು ಕನ್ನಡಕ ಹುಡುಕಿ ಹಾಕಿಕೊಳ್ಳುತ್ತೇನೆ. ಬಲಗಡೆಯದನ್ನು ಒತ್ತಿ, ಒಂದು ರಿಂಗಿಗೆ ಕಟ್ ಮಾಡುತ್ತೇನೆ. ಆಮೇಲೆ ಎಡಗಡೆಯದು; ಅದನ್ನು ಕಟ್ ಮಾಡುವುದಿಲ್ಲ. ಮೊದಲ ಮಾತು ಏನೆಂದು ಆಡುವುದು ಎಂಬ ಚಿಂತೆಯೂ ಇಲ್ಲ, ಅದನ್ನು ಅಕ್ಕನೇ ಆಡುತ್ತಾಳೆ:

"ಮೋಟ್ರು ಆನಾಯ್ತೇನ್ಲಾ?"