ಮುಂಚೆಯೇ ಹೇಳಿಬಿಟ್ಟ ಸ್ತೋತ್ರ

ಜಯನಗರದ ಮನೆಗೆ ಬಂದ ಮೊದಲ ಸಂಜೆ ನಾನೂ ನಮ್ಮವರೂ ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದೆವು. ಹಾಲು ಕೊಡಲು ಬಂದ ಮನೆಯೊಡತಿ ಲಕ್ಷ್ಮಮ್ಮನವರು ನಮ್ಮನ್ನು ಕಂಡು, ಲೋಟ ಕೆಳಗಿಟ್ಟು, ತಾವೂ ಬಗ್ಗಿ ನೆಲ ತಡಕತೊಡಗಿದರು. “ಏನಮ್ಮಾ ಕಳೆದುಹೋಯ್ತು? ಓಲೇನಾ? ತಿರುಪು ಉರುಳ್ಕೊಂಡು ಮೂಲೆಗೆ ಹೋಗಿರತ್ತೆ, ನೋಡಿ.” ನಮ್ಮವರಿಗೆ ನಗು ಬಂದು ಪ್ರಾರ್ಥನೆ ಅರ್ಧಕ್ಕೇ ನಿಂತಿತು.

ನಮ್ಮ ಮಿಷನ್ ಕಾಂಪೌಂಡಿನ ಅಕ್ಕಂದಿರೇ, ಪ್ರಾರ್ಥನೆಗೆ ಫಲವುಂಟು ಎಂಬುದಕ್ಕೆ ಸಾಕ್ಷಿ ಬರೆದು ಕಳಿಸು, ಸ್ತ್ರೀಯರ ಕೂಟದಲ್ಲಿ ಓದುತ್ತೇವೆ ಎಂದು ಕೇಳಿದ್ದೀರಿ. ಬರೆಯುತ್ತಿದ್ದೇನೆ. ಓದಿ ನೊಂದುಕೊಂಡರೆ ಕೇಳಿದ ತಪ್ಪು ನಿಮ್ಮದು.

ಅಲ್ಲಿ ಸಂಜೆ ಆರಕ್ಕೆ ಗಂಟೆ ಹೊಡೆದರೆ ಎಲ್ಲ ಮನೆಯವರೂ ಕೈ ತೊಳೆದುಕೊಂಡು ಪ್ರಾರ್ಥನೆಗೆ ಸೇರುತ್ತಿದ್ದೆವು. ಇಲ್ಲಿ ಗಂಟೆಯಿಲ್ಲ. ಬೀದಿಗೆ ಹೆಸರೂ ಇಲ್ಲ. ಎಷ್ಟನೇ ಬ್ಲಾಕು, ಎಷ್ಟನೇ ಕ್ರಾಸು ಎಂದು ಕೇಳುತ್ತಾರೆ. ನಾಲ್ಕು ಮನೆ ದಾಟಿದರೆ ಬರೀ ಪೊದೆ. ಬಾಡಿಗೆಗೆ ಕೇಳಿದಲ್ಲೆಲ್ಲ “ನೀವು ಯಾವ ಜನ?” ಎಂದರು. ಕ್ರೈಸ್ತರು ಅಂದ ತಕ್ಷಣ, ಮನೆ ನಿನ್ನೆಯೇ ಬೇರೆಯವರಿಗೆ ಹೋಗಿರುತ್ತಿತ್ತು. ಲಕ್ಷ್ಮಮ್ಮನವರೊಬ್ಬರೇ ಮುಖಕ್ಕೆ ಹೇಳಿದರು: “ನೋಡೀಮ್ಮಾ, ಮಾಂಸ ಬೇಯಿಸ್ಬಾರ್ದು. ಬಾವಿ ನೀರು ನಾನೇ ಸೇದಿ ಹಾಕ್ತೀನಿ, ನೀವು ಹಗ್ಗ ಮುಟ್ಬೇಡಿ.” ಅವಮಾನ ನುಂಗಿಕೊಂಡು ಒಪ್ಪಿದೆವು. ವರ್ಷ ತುಂಬುವುದರೊಳಗೆ ಅವರಿಗೆ ಸೊಂಟನೋವು ಬಂತು, ಹಗ್ಗ ನನ್ನ ಕೈಗೆ ಬಂತು. ಈ ಊರಿನಲ್ಲಿ ನಾನು ಗೆದ್ದದ್ದು ಅದೊಂದೇ.

ಎರಡನೇ ವರ್ಷ ನಮ್ಮವರಿಗೆ ವಿಷಮಶೀತ ಜ್ವರ. ಆಸ್ಪತ್ರೆಗೆ ಸೇರಿಸಿದೆ. ಎರಡು ಬಸ್ಸು ಬದಲಾಯಿಸಿ ನಮ್ಮ ದೇವಾಲಯಕ್ಕೂ ಹೋದೆ. ಸಭೆಯವರೆಲ್ಲ ಪ್ರಾರ್ಥಿಸಿದರು, ನಾನು ಉಪವಾಸವಿದ್ದೆ. ಸಭೆಯ ಹಿರಿಯಳು ಎಸ್ತರಮ್ಮ ನನ್ನ ಕೈ ಹಿಡಿದು, “ಕೊಡಪ್ಪಾ ಅಂತ ಗೋಗರೆದ್ರೆ ಸಾಲ್ದಮ್ಮ. ಸಿಕ್ಕೇಬಿಡ್ತು ಅಂತ ನಂಬಿ, ಉಪಕಾರ ನೆನೆದು ಈಗ್ಲೇ ಸ್ತೋತ್ರ ಹೇಳ್ಬೇಕು. ಅನುಮಾನ ಇಟ್ಕೊಂಡ್ರೆ ದೇವರು ಕೊಡಲ್ಲ,” ಎಂದಳು.

ಬೇಡಿದ್ದು ನೆರವೇರಿದವರು ಚೀಟಿ ಬರೆದು ಕಾಣಿಕೆಯ ಜೊತೆ ಇಡುವುದು, ಭಾನುವಾರ ಅದನ್ನು ಎಲ್ಲರೆದುರು ಓದುವುದು ನಮ್ಮ ಪದ್ಧತಿಯಷ್ಟೆ. ನಾನು ನೆರವೇರುವ ಮುಂಚೆಯೇ ಬರೆದುಕೊಟ್ಟೆ. ಅನುಮಾನಕ್ಕೆ ಹೆದರಿ ಎರಡನೇ ಸಲ ಓದಿಯೂ ನೋಡಲಿಲ್ಲ. ಅದು ಗುರುವಾರ. ಶನಿವಾರ ಬೆಳಿಗ್ಗೆ ನಮ್ಮವರು ಹೋದರು. ಸಂಜೆಗೆ ಮಣ್ಣು ಮಾಡಿದೆವು.

ಭಾನುವಾರ ಮನೆಯಲ್ಲಿ ಕೂರಲಾಗದೆ ದೇವಾಲಯಕ್ಕೆ ಹೋದೆ. ಚೀಟಿಯ ನೆನಪೇ ಇರಲಿಲ್ಲ. ಅಂದು ಪ್ರಸಂಗ ಮಾಡಲು ಹೊರ ಊರಿನ ಬೋಧಕರೊಬ್ಬರು ಬಂದಿದ್ದರು. ಪಾಪ, ಅವರಿಗೇನು ಗೊತ್ತು? “ಸಾಮ್ಯುವೇಲರ ಕಾಯಿಲೆ ಪೂರ್ತಿ ಗುಣವಾದದ್ದಕ್ಕಾಗಿ ಅವರ ಹೆಂಡತಿಯ ಸ್ತೋತ್ರ ಕಾಣಿಕೆ,” ಎಂದು ಗಟ್ಟಿಯಾಗಿ ಓದಿದರು. ಹಿಂದಿನ ದಿನ ಹೆಣಕ್ಕೆ ಹೆಗಲು ಕೊಟ್ಟವರೇ ಅಭ್ಯಾಸಬಲದಿಂದ “ಆಮೆನ್” ಅಂದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

ಹೊರಗೆ ಬಂದಾಗ ನಮ್ಮ ಸಭೆಯ ಪಾದ್ರಿ ಅಯ್ಯನವರು, “ಪರಲೋಕದಲ್ಲಿ ಪೂರ್ತಿ ಗುಣವಾಗಿದ್ದಾರಮ್ಮ,” ಎಂದರು. ಎಸ್ತರಮ್ಮ, “ನಿನ್ ನಂಬಿಕೇಲೇ ಎಲ್ಲೋ ಕೊರತೆ ಇತ್ತೇನೋ,” ಎಂದಳು. ಅಯ್ಯೋ ಅಕ್ಕಂದಿರೇ, ಬದುಕಿದರೆ ಪ್ರಾರ್ಥನೆಯ ಫಲ, ಸತ್ತರೆ ಹೆಂಡತಿಯ ಅನುಮಾನ! ದೇವರು ಸೋಲುವ ದಾರಿಯೇ ಇಲ್ಲದ ಆಟದಲ್ಲಿ ನನ್ನ ಗಂಡನನ್ನು ಯಾಕೆ ಕೂರಿಸಿದಿರಿ? ಆ ಎರಡು ದಿನ ನಾನು ಅನುಮಾನಪಟ್ಟೆನೇ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದೇನೆ.

ಮನೆಗೆ ಬಂದರೆ ಲಕ್ಷ್ಮಮ್ಮನವರು ಜಗಲಿಯಲ್ಲಿ ಕಾಯುತ್ತಿದ್ದರು. “ನಾನೂ ಬನಶಂಕರಿಗೆ ಹರಕೆ ಹೊತ್ತಿದ್ದೆ ಕಣಮ್ಮ, ನಿಂಗೆ ಹೇಳಿರ್ಲಿಲ್ಲ. ಆ ತಾಯಿ ಕಿವಿಗೆ ಹತ್ತಿ ಇಟ್ಕೊಂಡ್ಲು. ಇನ್ನು ಅವಳ ಮುಖ ನೋಡಲ್ಲ, ಹೋಗು!” ಎಂದು ಅತ್ತರು. ಎರಡು ತಿಂಗಳು ಗುಡಿಯ ಕಡೆ ತಲೆ ಹಾಕಲಿಲ್ಲ. ನಮ್ಮಲ್ಲಿ ಯಾರೂ ಹೀಗೆ ದೇವರನ್ನು ಬೈಯುವುದಿಲ್ಲ. ನನಗೆ ಸಮಾಧಾನ ಸಿಕ್ಕಿದ್ದು ಆ ಬೈಗುಳದಲ್ಲೇ.

ವಾಪಸು ಬಾ ಎನ್ನುತ್ತೀರಿ. ಅಲ್ಲಿ ಪ್ರಾರ್ಥನೆ ಬಿಟ್ಟರೆ ಯಾಕೆ ಎಂದು ಕೇಳುತ್ತೀರಿ. ಇಲ್ಲಿ ಮಾಡಿದರೆ ಯಾಕೆ ಎಂದು ಕೇಳುತ್ತಾರೆ. ನಮ್ಮವರ ಮಣ್ಣು ಇಲ್ಲಿದೆ, ಶಾಲೆಯಲ್ಲಿ ಟೀಚರ್ ಕೆಲಸವೂ ಸಿಕ್ಕಿದೆ. ಆದರೂ ಆರು ಗಂಟೆಯಾದರೆ ಕಾಂಪೌಂಡಿನ ಗಂಟೆ ಕೇಳಿದಂತಾಗಿ ಮೊಣಕಾಲು ತಾನಾಗಿ ಬಗ್ಗುತ್ತದೆ. ಏನನ್ನೂ ಬೇಡುವುದಿಲ್ಲ. ಮೊನ್ನೆ ಹಾಗೇ ಇದ್ದಾಗ ಲಕ್ಷ್ಮಮ್ಮನವರು ಬಾಗಿಲಿಗೆ ಬಂದರು. ಏನು ಕಳೆದುಹೋಯ್ತು ಎಂದು ಕೇಳಲಿಲ್ಲ. ಮಜ್ಜಿಗೆ ಇಟ್ಟು ಹೋದರು.

ನನ್ನ ಸಾಕ್ಷಿ ಇಷ್ಟೇ. ಕೂಟದಲ್ಲಿ ಓದುವುದಾದರೆ ಓದಿ. ಮುಗಿದ ಮೇಲೆ ದಯವಿಟ್ಟು ಯಾರೂ ಆಮೆನ್ ಅನ್ನಬೇಡಿ.