ಇನ್ನ್ಯಾಕ ತುಳೀತಿ

ನೌಕರಿಯ ಆದೇಶ ಕೈಗೆ ಬಂದ ದಿನದಿಂದ ನಾನೊಂದು ಹೊಸ ಲೆಕ್ಕ ಇಡುತ್ತಿದ್ದೇನೆ. ಇವತ್ತು ಎಷ್ಟು ಕಿಲೋಮೀಟರ್ ಸೈಕಲ್ ತುಳಿದೆ, ಗಾಳಿ ಯಾವ ಕಡೆಯಿಂದಿತ್ತು, ಎಲ್ಲಿ ಪಂಕ್ಚರ್ ಆಯಿತು ಎಂದು ಏಳು ವರ್ಷಗಳಿಂದ ಡೈರಿಯಲ್ಲಿ ಬರೆಯುತ್ತ ಬಂದಿದ್ದೇನೆ. ಈಗ ಅದರ ಕೊನೆಯ ಪುಟದಲ್ಲಿ, "ನೌಕರಿ ಆತಲ್ಲ, ಇನ್ನ್ಯಾಕ ತುಳೀತಿ?" ಎಂದು ಕೇಳಿದ ಪ್ರತಿಯೊಬ್ಬರಿಗೂ ಒಂದು ಗೆರೆ ಎಳೆಯುತ್ತೇನೆ. ಮೊದಲ ವಾರಕ್ಕೇ ಹನ್ನೊಂದು ಗೆರೆಗಳಾದವು. ಆಮೇಲೆ ಆ ಪುಟ ತುಂಬಿ ಅದರ ಹಿಂದಿನ ಪುಟಕ್ಕೂ ಬರಬೇಕಾಯಿತು.

ನಮ್ಮ ಕಡೆ ರೇಸ್ ಸೈಕಲ್ ಎಂದರೆ ನಿಚ್ಚಣಿಕೆ. ಕ್ರೀಡಾ ಕೋಟಾದಲ್ಲಿ ನೌಕರಿ ಸಿಗುವ ತನಕ ಹತ್ತುವುದು, ಸಿಕ್ಕ ಮೇಲೆ ಹಿಂದೆ ಬರುವವರಿಗೆ ಬಿಟ್ಟುಕೊಡುವುದು. ನನ್ನ ಸೈಕಲ್ಲೂ ಹಾಗೇ ಬಂದದ್ದು. ಬಾಗಲಕೋಟೆಯ ಕ್ರೀಡಾ ಹಾಸ್ಟೆಲ್ಲಿನಲ್ಲಿ ನನಗಿಂತ ದೊಡ್ಡವಳಾದ ಒಬ್ಬ ಅಕ್ಕನಿಗೆ ನೌಕರಿ ಬಂದಾಗ ಅವಳದನ್ನು ನನಗೆ ಕೊಡಿಸಿದರು. ಕೊಡುವ ಮೊದಲು ಅವಳು ಚೈನಿಗೆ ಎಣ್ಣೆ ಹಾಕಿ, ಫ್ರೇಮನ್ನು ಎರಡೆರಡು ಸಲ ಒರೆಸಿದಳು. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡೆ. ಅವಳು ಮತ್ತೆ ಸೈಕಲ್ ಹತ್ತಲಿಲ್ಲ.

ನನಗೆ ನೌಕರಿ ಬೇಕಿರಲಿಲ್ಲ ಎಂದಲ್ಲ. ಅಪ್ಪ ಇಳಕಲ್ಲಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಾನೆ. ಸಂಜೆ ಅವನು ಕೆಮ್ಮುವುದನ್ನು ಕೇಳಿ ಬೆಳೆದವಳಿಗೆ ಸಂಬಳದ ಬೆಲೆ ಗೊತ್ತು. ಆದರೆ ನಾನು ತುಳಿದದ್ದು ರಾಜ್ಯದ ತಂಡದಲ್ಲಿ ಓಡಬೇಕೆಂದು. ಕಬ್ಬಿನ ಹಂಗಾಮಿನಲ್ಲಿ ಹುನಗುಂದದ ರಸ್ತೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಒತ್ತಿ ಬಂದು, ಬಿದ್ದು ಹೆಗಲಿನ ಎಲುಬು ಮುರಿದುಕೊಂಡದ್ದು ಅದಕ್ಕೆ. ಸ್ವಂತ ಅಕ್ಕನ ಮದುವೆಯ ಒಂದು ಫೋಟೋದಲ್ಲೂ ನಾನಿಲ್ಲ, ಆ ದಿನ ಬೇರೆ ರಾಜ್ಯದಲ್ಲಿ ರೇಸ್ ಇತ್ತು. ಸೀಟು ಉಜ್ಜಿ ಹುಣ್ಣಾಗಿ ಕೂರಲಾಗದಿದ್ದರೂ ಮನೆಯಲ್ಲಿ ಯಾರಿಗೂ ಹೇಳಿಲ್ಲ. ಆದೇಶ ಬಂದ ಮೇಲೆ ಓಣಿಯವರು ಸೇರಿ ನನಗೆ ಶಾಲು ಹೊದಿಸಿದರು. ಹೊದಿಸಿದ ಹಿರಿಯರು, ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಪ್ಪನನ್ನು ಕಟ್ಟೆಗೆ ಕರೆದು, "ಹೆಣ್ಣ ಹುಡುಗಿ ಚಡ್ಡಿ ಹಾಕ್ಕೊಂಡು ರಸ್ತೆದಾಗ ಹೊಂಟ್ರ ನಮ್ಮ ಓಣಿ ಮಾನ ಏನಾಗ್ಬೇಕೋ" ಎಂದವರೇ. ಆ ಶಾಲನ್ನು ನಾನು ಈಗ ನನ್ನ ಬಾಡಿಗೆ ಕೋಣೆಯ ಬಾಗಿಲಲ್ಲಿ ಕಾಲೊರಸಾಗಿ ಹಾಕಿದ್ದೇನೆ.

ನೌಕರಿಗೆ ಸೇರಿ ಬಾಗಲಕೋಟೆಯ ನವನಗರದಲ್ಲಿ ಆ ಕೋಣೆ ಹಿಡಿದೆ. ಮನೆಯ ಮಾಲೀಕರು ಸೈಕಲ್ ಒಳಗಿಡಲು ಒಪ್ಪುವ ತನಕ ಅದು ಇಳಕಲ್ಲಿನ ಮನೆಯಲ್ಲೇ, ಅಪ್ಪ ಗೋಡೆಗೆ ಹೊಡೆದ ಕೊಕ್ಕೆಯಲ್ಲಿ ತೂಗುತ್ತಿತ್ತು. ಅಲ್ಲಿಯ ತನಕ ಹಾಸ್ಟೆಲ್ಲಿನ ಹಳೆಯ ಸೈಕಲ್ಲಿನಲ್ಲಿ ಅಭ್ಯಾಸ ಮಾಡಿದೆ. ಜೂನಿನ ಮೊದಲ ಶನಿವಾರ ನನ್ನ ಸೈಕಲ್ ಒಯ್ಯಲು ಇಳಕಲ್ಲಿಗೆ ಬಂದೆ. ಮರುವಾರದ ಭಾನುವಾರ ಬಾದಾಮಿಯಲ್ಲಿ ರಾಜ್ಯ ತಂಡದ ಆಯ್ಕೆ ಇತ್ತು.

ಕೊಕ್ಕೆ ಖಾಲಿ ಇತ್ತು.

"ಸೈಕಲ್ ಎಲ್ಲೈತಿ?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹುನಗುಂದದ ಅತ್ತಿ ಮಗಳಿಗೆ ಕೊಟ್ಟೇವಿ. ಆಕಿನೂ ನಿನ್ನಂಗ ದಡಾ ಮುಟ್ಟಲಿ."

"ನನ್ನ ಕೇಳಬೇಕಿತ್ತಿಲ್ಲೋ?"

"ಕೇಳೂದೇನೈತಿಬೇ? ನೀನರ ಏನ್ ಅಂಗಡ್ಯಾಗಿಂದು ಹೊಸಾದು ತಂದಿದ್ದಿ? ನಿನಗ ಒಬ್ಬಾಕಿ ಕೊಟ್ಲು, ನೀ ಒಬ್ಬಾಕಿಗಿ ಕೊಡು."

ಅಪ್ಪ ಹೊರಗಿನಿಂದ ಬಂದವನು ನಕ್ಕ. "ಸಾಹೇಬರು ಆದ್ರಿ, ಈಗ ಸ್ಕೂಟಿ ತಗೋರಿ."

ಅವರ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ನೆಮ್ಮದಿ ಇತ್ತು. ಕದ್ದು ಮಾರಿದ್ದರೆ ಕೂಗಾಡಬಹುದಿತ್ತು. ಇದಕ್ಕೆ ಏನೆಂದು ಕೂಗಾಡುವುದು? ಊಟ ಮಾಡದೆ ಬಸ್ ನಿಲ್ದಾಣಕ್ಕೆ ನಡೆದೆ.

ಹುನಗುಂದದಲ್ಲಿ ಅತ್ತೆಯ ಮನೆಯ ಅಂಗಳದಲ್ಲಿ ಸೈಕಲ್ ಗೋಡೆಗೆ ಒರಗಿತ್ತು. ನನ್ನ ಎತ್ತರದ ಗುರುತಿಗೆ ಸೀಟಿನ ಕೊಳವೆಗೆ ಕೆಂಪು ಟೇಪು ಸುತ್ತಿದ್ದೆ. ಅದು ಕಾಣದಷ್ಟು ಸೀಟನ್ನು ಕೆಳಗಿಳಿಸಿದ್ದರು. ಸೀಟಿನ ಮೇಲೆ ಉಲ್ಲನ್ನಿನ ಹೂವಿನ ಕವರು. ಹ್ಯಾಂಡಲಿಗೆ ನಿಂಬೆಹಣ್ಣು.

"ಬಾ ಬಾ, ಆಫೀಸರು ಬಂದ್ರು," ಅತ್ತೆ ಅಂದಳು. "ಚಾ ಮಾಡ್ತೇನಿ."

"ಚಾ ಬ್ಯಾಡ ಅತ್ತಿ. ಸೈಕಲ್ ಒಯ್ಯಾಕ ಬಂದೇನಿ. ವಾರಕ್ಕ ರೇಸ್ ಐತಿ."

ಅತ್ತೆಯ ದನಿ ಬದಲಾಯಿತು. "ನೌಕರಿ ಆತಲ್ಲವ್ವಾ, ಇನ್ನ್ಯಾಕ ತುಳೀತಿ? ಹೊಟ್ಟಿ ತುಂಬಿದಾಕಿ ತಾಟು ಬಿಡಬೇಕು, ಹಸದಾಕಿ ಉಣತಾಳ."

"ಅದು ತಾಟಲ್ಲ ಅತ್ತಿ. ನನ್ನ ಸೈಕಲ್."

"ಕೊಟ್ಟಾಂವ ನಿಮ್ಮಪ್ಪ. ಅವನ್ನ ಕೇಳು ಹೋಗು."

ಆಕೆಯ ಮಗಳು ಬಾಗಿಲಲ್ಲಿ ನಿಂತಿದ್ದಳು. ಪಿಯುಸಿ ಮುಗಿಸಿದ ಹುಡುಗಿ, ಕಾಲಿಗೆ ಸಾಲೆಯ ಕರಿ ಬೂಟು. ಆ ಬೂಟಿನಲ್ಲೇ ಮೂರು ವಾರ ತುಳಿದಿದ್ದಳಂತೆ, ಮಂಡಿಗೆ ಬ್ಯಾಂಡೇಜು ಇತ್ತು.

"ನಿನಗ ರೇಸ್ ಓಡಬೇಕಂತ ಐತೇನು?" ಎಂದು ಅವಳನ್ನೇ ಕೇಳಿದೆ.

ಅವಳು ಅವ್ವನ ಮುಖ ನೋಡಿದಳು. "ನನಗ ಎಲ್ಲಿದು ರೇಸ್ ಅಕ್ಕಾ. ಇದ ತುಳದ್ರ ನೌಕರಿ ಬರ್ತೈತಿ ಅಂದ್ರು."

ನನಗೆ ಇನ್ನೂ ಸಿಟ್ಟು ಬಂತು. ಯಾರ ಮೇಲೆ ಎಂದು ಆಗ ಗೊತ್ತಾಗಲಿಲ್ಲ. ಓಡಬೇಕಂತ ಐತಿ ಅಂದಿದ್ದರೆ ಏನು ಮಾಡುತ್ತಿದ್ದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಆಗಲೂ ಒಯ್ಯುತ್ತಿದ್ದೆ ಅನಿಸುತ್ತದೆ. ನಿಂಬೆಹಣ್ಣು ಕಿತ್ತು ಕಟ್ಟೆಯ ಮೇಲಿಟ್ಟೆ, ಕವರು ತೆಗೆದು ಅವಳ ಕೈಗೆ ಕೊಟ್ಟೆ. ಬೋಲ್ಟು ಸಡಿಲಿಸಿ ಸೀಟು ಏರಿಸಲು ಪಾನಾ ಇರಲಿಲ್ಲ. ಮಂಡಿ ಎದೆಗೆ ಬಡಿಯುವಂತೆ ಕುಳಿತು ಇಳಕಲ್ಲಿನ ತನಕ ತುಳಿದೆ. ಅತ್ತೆ ಹಿಂದಿನಿಂದ ಬಯ್ಯುತ್ತಿದ್ದಳು. ಅವತ್ತಿನಿಂದ ನಮ್ಮ ಮನೆಗೆ ಬಂದಿಲ್ಲ. ಮರುದಿನ ಸೀಟು ಏರಿಸಿಕೊಂಡು ನವನಗರಕ್ಕೆ ಹೋದೆ. ಅವ್ವನೂ ಆ ವಾರವೆಲ್ಲ ನನಗೆ ಫೋನ್ ಮಾಡಲಿಲ್ಲ.

ಬಾದಾಮಿಯ ಆಯ್ಕೆಯಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ನಿಮಿಷಕ್ಕೊಬ್ಬರಂತೆ. ಕೆರೂರಿನ ಕಡೆಗೆ ಹೋಗಿ, ಗುರುತಿನ ಹತ್ತಿರ ತಿರುಗಿ, ವಾಪಸು ಬರಬೇಕು. ಮೊದಲ ನಾಲ್ವರಿಗೆ ತಂಡದಲ್ಲಿ ಜಾಗ. ಇಂಥ ಓಟಕ್ಕೆ ಸಿಟ್ಟು ಉಪಯೋಗಕ್ಕೆ ಬರುವುದಿಲ್ಲ, ಏಳು ವರ್ಷ ಓಡಿದ ನನಗೆ ಅದು ಗೊತ್ತು. ಆದರೂ ಹೊರಟ ಕೂಡಲೇ ಅತ್ತೆಯ ತಾಟಿನ ಮಾತು ನೆನಪಾಗಿ, ಇರುವ ಬಲವನ್ನೆಲ್ಲ ಮೊದಲ ಅರ್ಧಕ್ಕೇ ಸುರಿದೆ. ಪಡುವಣ ಗಾಳಿ ಎದೆಗೆ ಹೊಡೆಯುತ್ತಿತ್ತು. ನನಗಿಂತ ಮೊದಲು ಬಿಟ್ಟ ಇಬ್ಬರನ್ನು ಹಿಂದೆ ಹಾಕಿದೆ. ತಿರುಗುವ ಹೊತ್ತಿಗೆ ತೊಡೆಗಳು ಕಲ್ಲಾಗಿದ್ದವು.

ಅಲ್ಲಿಂದ ಗಾಳಿ ಬೆನ್ನಿಗೆ ಬಂತು. ಬೆನ್ನಿಗೆ ಗಾಳಿ ಇದ್ದಾಗ ಕಿವಿಯಲ್ಲಿ ಸದ್ದೇ ಇರುವುದಿಲ್ಲ. ಚೈನು ಮತ್ತು ಉಸಿರು, ಅಷ್ಟೇ. ಆ ಹೊತ್ತಿನಲ್ಲಿ ನಾನು ಯಾರ ಮಗಳೂ ಅಲ್ಲ, ಯಾವ ಆಫೀಸಿನವಳೂ ಅಲ್ಲ. ಇದಕ್ಕಾಗಿ ತುಳಿಯುತ್ತೇನೆ ಎಂದು ಯಾರಿಗೆ ಹೇಳಲಿ? ಹೇಳಿದರೆ ಯಾವ ಕಟ್ಟೆಯವರು ಒಪ್ಪುತ್ತಾರೆ?

ನಾಲ್ಕನೆಯವಳಾದೆ. ಐದನೆಯವಳಿಗಿಂತ ಎರಡು ಸೆಕೆಂಡ್ ಮುಂದೆ. ಮೊದಲ ಅರ್ಧವನ್ನು ಬುದ್ಧಿಯಿಂದ ಓಡಿದ್ದರೆ ಎರಡನೆಯವಳಾಗುತ್ತಿದ್ದೆ. ಅದನ್ನೂ ಅತ್ತೆಯ ಲೆಕ್ಕಕ್ಕೇ ಬರೆದಿದ್ದೇನೆ.

ರಸ್ತೆಯ ಬದಿಯಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಅಪ್ಪ ಕಂಡ. ಕಾರ್ಖಾನೆಯವರ ಗೂಡ್ಸ್ ಗಾಡಿ ಕೇಳಿ ತಂದಿದ್ದ, ಸೈಕಲ್ ಹೇರಿಕೊಂಡು ಹೋಗಲು.

"ತಂಡದಾಗ ಬಂತೇನು?"

"ಬಂತು."

"ಇದರ ಮ್ಯಾಲೆ ಪ್ರಮೋಷನ್ ಗಿಮೋಷನ್ ಐತೇನು?"

"ಇಲ್ಲಪ್ಪ."

"ರೊಕ್ಕ?"

"ಇಲ್ಲ."

"ಮತ್ತೇನ್ ಕೊಡ್ತಾರ?"

"ಅಂಗಿ ಕೊಡ್ತಾರ. ಎದಿ ಮ್ಯಾಲೆ ರಾಜ್ಯದ ಹೆಸರು ಬರದಿರ್ತಾರ."

"ಅಂಗಿ," ಅಂದ ಅಪ್ಪ. ಸೈಕಲ್ಲಿಗೆ ಕೈ ಹಾಕಿದ, ಗಾಡಿಗೆ ಎತ್ತಲು.

"ಬಿಡಪ್ಪ. ನಾ ನವನಗರಕ್ಕ ತುಳಕೊಂಡ ಹೋಗ್ತೇನಿ."

"ಈಗರ ಓಡಿ ಸತ್ತಿ. ಮತ್ತ ಅಷ್ಟು ದೂರ ಇನ್ನ್ಯಾಕ..."

ಅಲ್ಲಿಗೇ ನಿಲ್ಲಿಸಿದ. ನನ್ನ ಮುಖದಲ್ಲಿ ಏನು ಕಂಡನೋ, ಕೈ ತೆಗೆದು ಪ್ಯಾಂಟಿಗೆ ಒರೆಸಿಕೊಂಡ. ಗಾಡಿಯ ಹತ್ತಿರ ಹೋಗಿ, ಸೀಟಿನ ಕೆಳಗಿನಿಂದ ಪಾನಾ ತಂದು ನನ್ನ ಕೈಗಿಟ್ಟ. "ಹಾದ್ಯಾಗ ಬೇಕಾಗ್ತೈತಿ, ಇಟಗೋ" ಎಂದ.

ಅಪ್ಪನ ಮೇಲಿನ ಸಿಟ್ಟು ಇಳಿದಿಲ್ಲ. ಕೇಳದೆ ಕೊಟ್ಟದ್ದನ್ನು ನಾನು ಮರೆಯುವವಳಲ್ಲ. ಆದರೆ ಆ ಸಂಜೆ ಡೈರಿಯ ಕೊನೆಯ ಪುಟ ತೆರೆದು, ಅವನ ಹೆಸರಿಗೆ ಗೆರೆ ಎಳೆಯಬೇಕೋ ಬೇಡವೋ ಎಂದು ಪೆನ್ನು ಹಿಡಿದು ಕೂತೆ. ಅವನು ಪ್ರಶ್ನೆಯನ್ನು ಪೂರ್ತಿ ಕೇಳಿರಲಿಲ್ಲ. ಎಳೆಯಲಿಲ್ಲ.